ಎರೆ ಸೀಮೆಯಲ್ಲಿ ಮನೆ: ಯಾವ ಪಾಯ, ಯಾವ ಗೋಡೆ, ಯಾವ ಮಾಳಿಗೆ?

ಮನೆ ಕಟ್ಟಲು ಹೊರಟವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇಟ್ಟಂಗಿ ಒಳ್ಳೆಯದೋ, ಬ್ಲಾಕ್ ಒಳ್ಳೆಯದೋ? ಇದಕ್ಕೆ ಉತ್ತರವಿದೆ, ಮುಂದೆ ಹೇಳುತ್ತೇನೆ. ಆದರೆ ಕಲಬುರಗಿ ಭಾಗದಲ್ಲಿ ಬಿರುಕು ಬಿಟ್ಟ ಮನೆಗಳನ್ನು ನೋಡುತ್ತ ಹೋದರೆ ಗೋಡೆಯ ಸಾಮಾನಿನ ತಪ್ಪು ಕಾಣುವುದು ಅಪರೂಪ. ತಪ್ಪು ನೆಲದ ಕೆಳಗೆ ಆಗಿರುತ್ತದೆ, ಗೋಡೆ ಅದನ್ನು ತೋರಿಸುತ್ತದೆ ಅಷ್ಟೆ. ಆದ್ದರಿಂದ ಹೋಲಿಕೆಯನ್ನು ಮಣ್ಣಿನಿಂದಲೇ ಆರಂಭಿಸುತ್ತೇನೆ. ಕೈಯಲ್ಲಿ ಹಣ ಕಡಿಮೆ ಇದ್ದವರು ಪಾಯಕ್ಕೆ ಬೇಕಾದಷ್ಟು ತೆಗೆದಿಟ್ಟು ಟೈಲ್ಸ್, ಬಣ್ಣ, ಮುಂಭಾಗದ ಅಲಂಕಾರದಲ್ಲಿ ಉಳಿಸಬೇಕು. ನಮ್ಮಲ್ಲಿ ಬಹಳಷ್ಟು ಜನ ಮಾಡುವುದು ಇದರ ತಿರುವುಮುರುವು.

ನಿಮ್ಮ ಜಾಗದ ಮಣ್ಣು ಯಾವುದು?

ಕಲಬುರಗಿ, ಬೀದರ್, ಯಾದಗಿರಿ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ನೆಲ ಮಾತ್ರ ಮೂರು ಬಗೆ. ಬೀದರ್ ನಗರ ಕುಳಿತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅಲ್ಲಿಯ ಕೋಟೆಯ ಮೂರು ಸಾಲಿನ ಕಂದಕವನ್ನು ಕಡಿದದ್ದು ಇದೇ ಕೆಂಪು ಕಲ್ಲಿನಲ್ಲಿ. ಅಂಥ ಕಡೆ ಸ್ವಲ್ಪ ಅಗೆದರೂ ಗಟ್ಟಿ ನೆಲ ಸಿಗುತ್ತದೆ. ಯಾದಗಿರಿ, ಗುರುಮಠಕಲ್ ಕಡೆ ಗ್ರಾನೈಟ್ ಗುಡ್ಡಗಳು, ಅವುಗಳ ಸುತ್ತ ಕೆಂಪು ಮಣ್ಣು, ಕೆಳಗೆ ಮೊರಂ, ಅಂದರೆ ಗರಸು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ಸುಣ್ಣದ ಕಲ್ಲಿನ ಪದರಗಳಿವೆ. ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದದ್ದೇ ಆ ಕಲ್ಲಿಗಾಗಿ. ಇನ್ನು ಕಲಬುರಗಿ ನಗರದ ಸುತ್ತಮುತ್ತ, ಅಫಜಲಪುರ, ಜೇವರ್ಗಿ, ಆಳಂದ, ಭಾಲ್ಕಿ, ಶಹಾಪುರ ಮತ್ತು ಸುರಪುರದ ಕಾಲುವೆ ಕೆಳಗಿನ ಊರುಗಳು, ಇಲ್ಲೆಲ್ಲ ಹೆಚ್ಚಾಗಿ ಎರೆ, ಅಂದರೆ ಕಪ್ಪು ಜೇಡಿ ಮಣ್ಣು.

ತೊಗರಿಗೂ ಜೋಳಕ್ಕೂ ಎರೆಗಿಂತ ಒಳ್ಳೆಯ ಮಣ್ಣಿಲ್ಲ. ಮನೆಗೆ ಅದಕ್ಕಿಂತ ಕಷ್ಟದ ಮಣ್ಣಿಲ್ಲ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು ಬೀಳುವುದು ಇದರಿಂದಲೇ. ಮನೆಯ ವಿಷಯದಲ್ಲಿ ತೊಂದರೆ ಏನೆಂದರೆ, ಈ ಏರಿಳಿತ ಎಲ್ಲ ಕಡೆ ಸಮನಾಗಿ ಆಗುವುದಿಲ್ಲ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲು ತಾಗದು, ಅದು ತೇವವಾಗಿಯೇ ಉಳಿಯುತ್ತದೆ. ಹೊರ ಅಂಚಿನ ಮಣ್ಣು ಮಾತ್ರ ಪ್ರತಿವರ್ಷ ಉಬ್ಬಿ ಕುಗ್ಗುತ್ತದೆ. ಮೂಲೆಗಳು ಏರಿಳಿದಾಗ ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಹೊರಡುತ್ತದೆ. ಒಂದೇ ಮಹಡಿಯ ಹಗುರ ಮನೆಗೆ ಈ ಕಾಟ ಹೆಚ್ಚು, ಏಕೆಂದರೆ ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ಭಾರ ಅದಕ್ಕಿರುವುದಿಲ್ಲ. "ನಮ್ಮದು ಸಣ್ಣ ಮನೆ, ಪಾಯ ಅಷ್ಟು ಯಾಕೆ" ಎನ್ನುವವರು ಈ ಮಾತನ್ನು ದಯವಿಟ್ಟು ಎರಡು ಸಲ ಓದಬೇಕು.

ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯಲು ಸರಳವಾದ ಪರೀಕ್ಷೆಯಿದೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, 100 ಮಿಲಿಲೀಟರಿನ ಎರಡು ಅಳತೆಯ ಜಾಡಿಗಳಿಗೆ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ನೀರಿನ ಜಾಡಿಯ ಮಣ್ಣು ಸೀಮೆಎಣ್ಣೆಯದಕ್ಕಿಂತ ನೂರಕ್ಕೆ ಐವತ್ತಕ್ಕೂ ಹೆಚ್ಚು ಜಾಗ ಹಿಡಿದರೆ ಎಚ್ಚರಿಕೆಯ ಪಾಯ ಬೇಕೇ ಬೇಕು. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಇದಕ್ಕಾಗುವ ಖರ್ಚು ಮನೆಯ ಒಂದು ಬಾಗಿಲಿನ ಖರ್ಚಿಗಿಂತ ಕಡಿಮೆ. ಮಣ್ಣನ್ನು ಮೇಲಿನಿಂದ ಕೆರೆದು ಕಳಿಸಬೇಡಿ. ಪಾಯ ಕೂರುವ ಆಳದಿಂದ ತೆಗೆಸಿ.

ಪಾಯ: ನಾಲ್ಕು ದಾರಿ

ಮೊದಲನೆಯದು, ಎರೆಯನ್ನು ಪೂರ್ತಿ ದಾಟಿ ಗಟ್ಟಿ ಮೊರಂ ಅಥವಾ ಬಂಡೆಯ ಮೇಲೆ ಕೂರುವುದು. ಐದಾರು ಅಡಿಯೊಳಗೆ ಗಟ್ಟಿ ನೆಲ ಸಿಗುವುದಾದರೆ ಬೇರೆ ಯೋಚನೆಯೇ ಬೇಡ. ಕರಿಕಲ್ಲಿನ ಪಾಯ ತುಂಬಿ, ಮೇಲೆ ಸುತ್ತಲೂ ಕಾಂಕ್ರೀಟಿನ ಪ್ಲಿಂತ್ ಬೀಮ್ (ಪಾಯದ ತಲೆಯ ಮೇಲೆ ಹಾಯುವ ತೊಲೆ) ಹಾಕಿದರೆ ಸಾಕು. ಅಗೆತದ ಕೂಲಿ ಹೆಚ್ಚಾಗುತ್ತದೆ, ಆದರೆ ಅದು ಒಮ್ಮೆ ಮಾತ್ರ ಕೊಡುವ ಹಣ.

ಎರೆ ಆಳವಾಗಿದ್ದಾಗ ಎರಡನೆಯ ದಾರಿ: ಪಾಯದ ಕೆಳಗಿನ ಒಂದಷ್ಟು ಎರೆಯನ್ನು ತೆಗೆದು ಉಬ್ಬದ ಮಣ್ಣನ್ನು ತುಂಬುವುದು. ಹೀಗೆ ಸುಮಾರು ಒಂದು ಮೀಟರ್ ದಪ್ಪದ, ಉಬ್ಬದ ಆದರೆ ಅಂಟಿಕೊಳ್ಳುವ ಮಣ್ಣಿನ ಪದರ ಹಾಕಿದರೆ ಕೆಳಗಿನ ಎರೆಯ ಉಬ್ಬುವಿಕೆ ಬಹಳ ಮಟ್ಟಿಗೆ ತಗ್ಗುತ್ತದೆ ಎಂಬುದನ್ನು ಮುಂಬಯಿ ಐಐಟಿಯಲ್ಲಿ ಆರ್. ಕೆ. ಕಟ್ಟಿ ಅವರು ತೋರಿಸಿಕೊಟ್ಟರು. ನಮ್ಮಲ್ಲಿ ಆ ಕೆಲಸಕ್ಕೆ ಒಳ್ಳೆಯ ಮೊರಂ ಒದಗುತ್ತದೆ. ಆರಾರು ಇಂಚಿನ ಪದರ ಹಾಕಿ, ನೀರು ಚಿಮುಕಿಸಿ, ಧಮ್ಮಸ್ಸು ಮಾಡಬೇಕು. ಟ್ರ್ಯಾಕ್ಟರಿನಿಂದ ಸುರಿದು ಮಟ್ಟ ಮಾಡಿದರೆ ಆಗದು. ಮೊರಂ ಬದಲು ಬರೀ ಉಸುಕು ತುಂಬಿಸುವ ರೂಢಿ ಕೆಲವೆಡೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಸುತ್ತಲೂ ನೀರು ಬಿಡದ ಎರೆ, ನಡುವೆ ನೀರು ಹೀರುವ ಉಸುಕು ಎಂದರೆ ಪಾಯದ ಕೆಳಗೆ ನೀವೇ ಒಂದು ಹೊಂಡ ಕಟ್ಟಿಕೊಟ್ಟಂತೆ. ಮಳೆ ನೀರು ಅಲ್ಲಿ ನಿಂತು ಎರೆಗೆ ತಿಂಗಳುಗಟ್ಟಲೆ ಕುಡಿಸುತ್ತದೆ.

ಮೂರನೆಯದು ಅಂಡರ್ ರೀಮ್ಡ್ ಪೈಲ್, ಅಂದರೆ ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬ. ಎರೆ ಮಣ್ಣಿಗಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ವಿಧಾನ ಇದು. ಋತುವಿಗೆ ತಕ್ಕಂತೆ ತೇವ ಏರಿಳಿಯುವುದು ಮೇಲಿನ ಸುಮಾರು ಮೂರೂವರೆ ಮೀಟರ್ ಮಣ್ಣಿನಲ್ಲಿ. ಅದಕ್ಕಿಂತ ಕೆಳಗೆ ಗಡ್ಡೆ ಕೂರಿಸಿದರೆ ಮೇಲಿನ ಮಣ್ಣು ಕಂಬವನ್ನು ಎತ್ತಲು ಯತ್ನಿಸಿದರೂ ಗಡ್ಡೆ ಹಿಡಿದುಕೊಳ್ಳುತ್ತದೆ. ಗಡ್ಡೆಯ ವ್ಯಾಸ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಕಂಬಗಳ ಮೇಲೆ ಹಾಯುವ ಬೀಮ್ ನೆಲಕ್ಕೆ ತಾಗಬಾರದು. ಕೆಳಗೆ ಸುಮಾರು 80 ಮಿಲಿಮೀಟರ್ ಖಾಲಿ ಜಾಗ ಬಿಡಬೇಕು. ಇಲ್ಲದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಮೇಲಕ್ಕೆ ದೂಡುತ್ತದೆ. ಈ ಖಾಲಿ ಜಾಗವನ್ನು ಒಳ್ಳೆಯ ಮನಸ್ಸಿನಿಂದಲೇ ಗೌಂಡಿ ಮಣ್ಣು ತುಂಬಿ ಮುಚ್ಚಿಬಿಡುವುದುಂಟು. ಆ ದಿನ ನೀವೋ ಎಂಜಿನಿಯರೋ ಸ್ಥಳದಲ್ಲಿರಬೇಕು. ಆಳ ಎರೆಯಲ್ಲಿ ಒಂದೆರಡು ಮಹಡಿಯ ಮನೆಗೆ ನನ್ನ ಮೊದಲ ಆಯ್ಕೆ ಇದೇ, ಬುಡ ಅಗಲಿಸಿ ಕೊರೆಯಲು ತಿಳಿದವರು ಸಿಕ್ಕರೆ ಮಾತ್ರ.

ನಾಲ್ಕನೆಯದು ಈಗ ಊರೆಲ್ಲ ಕಾಣುವ ಕಾಲಂ ಮತ್ತು ಫುಟಿಂಗ್, ಅಂದರೆ ಕಾಂಕ್ರೀಟ್ ಕಂಬ ಮತ್ತು ಅದರ ಅಗಲವಾದ ತಳ. ಗಟ್ಟಿ ನೆಲದವರೆಗೆ ಇಳಿಸಿದರೆ ಒಳ್ಳೆಯ ದಾರಿ. ನಾಲ್ಕೈದು ಅಡಿಗೆ ನಿಲ್ಲಿಸಿ, "ಕಾಲಂ ಇದೆಯಲ್ಲ, ಭಯವಿಲ್ಲ" ಎಂದು ನಂಬಿದರೆ ಕಾಲಂಗಳೂ ಮಣ್ಣಿನ ಜೊತೆಗೇ ಏರಿಳಿಯುತ್ತವೆ.

ಯಾವ ಪಾಯ ಆರಿಸಿದರೂ ನೀರನ್ನು ದೂರ ಇಡದಿದ್ದರೆ ಪ್ರಯೋಜನವಿಲ್ಲ. ಮನೆಯ ಸುತ್ತ ಮೂರು ಅಡಿ ಅಗಲದ, ಹೊರಕ್ಕೆ ಇಳಿಜಾರಾದ ಪರಸಿ (ಚಪ್ಪಡಿ ಕಲ್ಲು) ಅಥವಾ ಕಾಂಕ್ರೀಟ್ ಹಾಸು ಹಾಕಿ. ಇಂಗು ಗುಂಡಿಯನ್ನೂ ದೊಡ್ಡ ಮರವನ್ನೂ ಗೋಡೆಯ ಪಕ್ಕಕ್ಕೆ ತರಬೇಡಿ. ಒಂದು ಮಣ್ಣಿಗೆ ನೀರು ಕುಡಿಸುತ್ತದೆ, ಇನ್ನೊಂದು ಮಣ್ಣಿನಿಂದ ನೀರು ಎಳೆಯುತ್ತದೆ. ಸ್ನಾನದ ಮನೆಯ ಪೈಪು ಸೋರುತ್ತಿದ್ದರೆ ಅದೇ ದಿನ ಸರಿ ಮಾಡಿಸಿ. ಎಷ್ಟೋ ಮನೆಗಳಲ್ಲಿ ಒಂದೇ ಮೂಲೆ ಬಿರಿದಿರುವುದಕ್ಕೆ ಆ ಮೂಲೆಯ ಬಚ್ಚಲೇ ಕಾರಣ.

ಭಾರ ಹೊರುವ ಗೋಡೆಯೋ, ಕಾಲಂ ಕಟ್ಟಡವೋ?

ಒಂದೇ ಮಹಡಿ, ಸಣ್ಣ ಕೋಣೆಗಳು, ಕೆಳಗೆ ಗಟ್ಟಿ ನೆಲ ಇದ್ದರೆ ಗೋಡೆಯೇ ಸ್ಲ್ಯಾಬಿನ ಭಾರ ಹೊರುವ ಮನೆ ಸಾಕು, ಅಗ್ಗವೂ ಹೌದು. ಬೀದರ್ ನಗರದಲ್ಲಿ, ಯಾದಗಿರಿಯ ಗುಡ್ಡದ ಬದಿಯಲ್ಲಿ, ಶಹಾಬಾದಿನಲ್ಲಿ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಮುಂದೆ ಮೇಲೆ ಕಟ್ಟುವ ಆಸೆಯಿದ್ದರೆ, ಅಂಗಡಿಗಾಗಿ ಕೆಳಗೆ ದೊಡ್ಡ ತೆರಪು ಬೇಕಿದ್ದರೆ, ಅಥವಾ ಆಳ ಎರೆಯಿದ್ದರೆ ಕಾಲಂ ಕಟ್ಟಡಕ್ಕೆ ಹೋಗಿ.

ಎರಡರಲ್ಲಿ ಯಾವುದಾದರೂ ಸರಿ, ಭೂಕಂಪವನ್ನು ಮರೆಯಬಾರದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಅಲ್ಲಿ ಬಿದ್ದವು ಹೆಚ್ಚಾಗಿ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆಯ ಮನೆಗಳು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇರುವಂಥವೇ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಪದೇ ಪದೇ ಕಂಪಿಸಿದ ನೆಲಕ್ಕೆ ಹೆದರಿ ಹೊರಗೆ ಮಲಗಿದ್ದರು. ಭಾರ ಹೊರುವ ಗೋಡೆಯ ಮನೆ ಕಟ್ಟುವವರು ಪ್ಲಿಂತ್ ಮಟ್ಟದಲ್ಲಿ, ಲಿಂಟಲ್ ಮಟ್ಟದಲ್ಲಿ ಮನೆಯ ಸುತ್ತ ಎಲ್ಲೂ ತುಂಡಾಗದ ಕಾಂಕ್ರೀಟ್ ಪಟ್ಟಿ ಹಾಕಿಸಲೇಬೇಕು. ಬಾಗಿಲು ಕಿಟಕಿಯ ಮೇಲಷ್ಟೇ ತುಂಡು ಲಿಂಟಲ್ ಇಟ್ಟು ಮುಗಿಸುವುದು ನಾಲ್ಕು ಗೋಡೆಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿದಂತೆ. ಪಟ್ಟಿಯಿದ್ದರೆ ಅವು ಒಟ್ಟಿಗೆ ಅಲುಗುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಇದೇ ಪಟ್ಟಿ ಎರೆಯ ಏರಿಳಿತಕ್ಕೂ ಔಷಧ.

ಗೋಡೆ: ಮೊದಲು ತೂಕ ನೋಡಿ

ಹತ್ತಡಿ ಉದ್ದ, ಹತ್ತಡಿ ಎತ್ತರದ ಒಂದೇ ಗೋಡೆಯನ್ನು ತೆಗೆದುಕೊಳ್ಳೋಣ. ಒಂದೂವರೆ ಅಡಿ ದಪ್ಪದ ಕಲ್ಲಿನಲ್ಲಿ ಕಟ್ಟಿದರೆ ತೂಕ ಹತ್ತು ಟನ್ ದಾಟುತ್ತದೆ. ಒಂಬತ್ತು ಇಂಚಿನ ಇಟ್ಟಂಗಿಯಲ್ಲಿ ಸುಮಾರು ನಾಲ್ಕು ಟನ್. ಆರು ಇಂಚಿನ ಗಟ್ಟಿ ಸಿಮೆಂಟ್ ಬ್ಲಾಕಿನಲ್ಲಿ ಮೂರು ಟನ್ನಿಗೆ ಸ್ವಲ್ಪ ಕಡಿಮೆ. ಎಂಟು ಇಂಚಿನ ಹಗುರವಾದ ಎಎಸಿ ಬ್ಲಾಕಿನಲ್ಲಿ (ಇದರ ವಿವರ ಮುಂದಿದೆ) ಒಂದೂಕಾಲು ಟನ್ನಿನ ಆಸುಪಾಸು. ಕಾಲಂ ಕಟ್ಟಡದಲ್ಲಿ ಈ ವ್ಯತ್ಯಾಸ ಬೀಮಿಗೆ, ಕಾಲಂಗೆ, ಫುಟಿಂಗಿಗೆ ಇಳಿಯುತ್ತದೆ, ಕಬ್ಬಿಣದ ಬಿಲ್ಲಿನಲ್ಲಿ ಕಾಣುತ್ತದೆ. ಬರೀ ಒಂದು ಬ್ಲಾಕಿನ ದರವನ್ನು ಒಂದು ಇಟ್ಟಂಗಿಯ ದರಕ್ಕೆ ಹೋಲಿಸಿದರೆ ಇದು ತಿಳಿಯುವುದಿಲ್ಲ. ನೂರು ಚದರ ಅಡಿ ಗೋಡೆಗೆ ಸಾಮಾನು, ಗಾರೆ, ಕೂಲಿ, ಎರಡೂ ಬದಿಯ ಗಿಲಾವು ಸೇರಿ ಎಷ್ಟು ಎಂದು ಗುತ್ತಿಗೆದಾರರಿಂದ ಬರೆಸಿಕೊಳ್ಳಿ. ಆಗ ಹೋಲಿಕೆ ನ್ಯಾಯವಾಗುತ್ತದೆ.

ಇಟ್ಟಂಗಿ ಎಲ್ಲ ಗೌಂಡಿಗಳ ಕೈಗೂ ಒಗ್ಗಿದ್ದು. ಮೊಳೆ ಹಿಡಿಯುತ್ತದೆ, ಗೋಡೆ ಕೊರೆದು ಪೈಪು ಹಾಕಲು ಸುಲಭ, ಮನೆಯವರು ಮುಂದೆ ಏನು ಬದಲಾಯಿಸಿದರೂ ಸಹಿಸುತ್ತದೆ. ಆದರೆ ಎರೆ ಸೀಮೆಯ ಇಟ್ಟಂಗಿಗೆ ಒಂದು ವಿಶೇಷ ದೋಷವಿದೆ. ಮಣ್ಣಿನಲ್ಲಿ ಸುಣ್ಣದ ಹರಳುಗಳು ಬೆರೆತಿದ್ದರೆ ಭಟ್ಟಿಯಲ್ಲಿ ಅವು ಸುಟ್ಟ ಸುಣ್ಣವಾಗುತ್ತವೆ. ಗೋಡೆ ಕಟ್ಟಿದ ಮೇಲೆ ತೇವ ತಾಗಿ ಅವು ಉಬ್ಬಿ, ಗಿಲಾವನ್ನು ಚಕ್ಕೆ ಚಕ್ಕೆಯಾಗಿ ಹಾರಿಸುತ್ತವೆ. ಖರೀದಿಗೆ ಮೊದಲು ಕೆಲವನ್ನು ಒಡೆದು ಒಳಗೆ ಬಿಳಿ ಕಾಳುಗಳಿವೆಯೇ ನೋಡಿ. ಎರಡು ಇಟ್ಟಂಗಿಗಳನ್ನು ತಾಗಿಸಿದರೆ ಖಣ್ ಎನ್ನಬೇಕು. ತೂಗಿ, ಇಪ್ಪತ್ತನಾಲ್ಕು ತಾಸು ನೀರಿನಲ್ಲಿಟ್ಟು ಮತ್ತೆ ತೂಗಿದರೆ ಹೀರಿದ ನೀರು ಒಣ ತೂಕದ ಶೇಕಡಾ 20 ಮೀರಬಾರದು. ಈ ಪರೀಕ್ಷೆಗೆ ಅಡುಗೆ ಮನೆಯ ತಕ್ಕಡಿಯೇ ಸಾಕು.

ಸಿಮೆಂಟ್ ಬ್ಲಾಕಿನ ಗುಣವೆಲ್ಲ ಮಾಡಿದವನ ಕೈಯಲ್ಲಿದೆ. ಊರಿನ ಅಂಚಿನಲ್ಲಿ ಯಂತ್ರವಿಟ್ಟು ಮಾಡುವವರಲ್ಲಿ ಶ್ರದ್ಧೆಯುಳ್ಳವರೂ ಇದ್ದಾರೆ, ಇಂದು ಅಚ್ಚು ಹಾಕಿ ಮುಂದಿನ ವಾರ ಮಾರುವವರೂ ಇದ್ದಾರೆ. ಮಾನಕದ ಪ್ರಕಾರ ಬ್ಲಾಕಿಗೆ ಕನಿಷ್ಠ 14 ದಿನ ನೀರು ಕುಡಿಸಿ, ಆಮೇಲೆ ನಾಲ್ಕು ವಾರ ಒಣಗಲು ಬಿಡಬೇಕು. ಹಸಿ ಬ್ಲಾಕಿನಿಂದ ಕಟ್ಟಿದ ಗೋಡೆ ಒಣಗುತ್ತ ಕುಗ್ಗಿ, ಸಂದುಗಳಲ್ಲಿ ಬಿರಿಯುತ್ತದೆ. ಜನ ಅದನ್ನೂ ಎರೆಯ ಬಿರುಕೆಂದೇ ತಿಳಿಯುತ್ತಾರೆ. ಬ್ಲಾಕಿನ ಸಾಲಿಗೆ ತಯಾರಾದ ತಾರೀಖು ಬರೆದಿಟ್ಟಿರುವವರಿಂದ ಕೊಳ್ಳಿ. ಇನ್ನೊಂದು ಮಾತು: ಬರೀ ಸಿಮೆಂಟ್ ಬ್ಲಾಕಿನ ತೆಳು ಗೋಡೆಗೆ ಪಡುವಣ ಬಿಸಿಲು ಬಿದ್ದರೆ ಮೇ ತಿಂಗಳ ರಾತ್ರಿ ಆ ಕೋಣೆಯಲ್ಲಿ ಮಲಗುವುದು ಕಷ್ಟ.

ಎಎಸಿ ಬ್ಲಾಕ್ ಗಾಳಿ ಗುಳ್ಳೆ ತುಂಬಿದ ಹಗುರ ಬ್ಲಾಕ್. ಶಾಖ ದಾಟಿಸುವುದರಲ್ಲಿ ಇಟ್ಟಂಗಿಯ ಸುಮಾರು ಮೂರನೇ ಒಂದು ಭಾಗ. ನಮ್ಮ ಬೇಸಿಗೆಗೆ ಇದು ಸಣ್ಣ ಮಾತಲ್ಲ. ಆದರೆ ಕೆಲಸ ತಿಳಿದವರೇ ಕಟ್ಟಬೇಕು. ಇಟ್ಟಂಗಿಯಂತೆ ನೀರಿನಲ್ಲಿ ಮುಳುಗಿಸಿಡಬಾರದು, ಮೇಲ್ಮೈ ತೇವ ಮಾಡಿದರೆ ಸಾಕು. ದಪ್ಪ ಗಾರೆಯ ಬದಲು ತೆಳುವಾದ ಅಂಟು ಗಾರೆ ಬಳಸಬೇಕು. ಕಾಲಂ ಮತ್ತು ಗೋಡೆ ಕೂಡುವ ಸಂದಿಗೆ ತಂತಿ ಜಾಲರಿ ಹಾಕಿದ ಮೇಲೆಯೇ ಗಿಲಾವು. ಭಾರದ ಕಪಾಟು, ಗೀಸರ್ ತೂಗುಹಾಕಲು ವಿಶೇಷ ಬೋಲ್ಟ್ ಬೇಕು. ಪ್ಲಿಂತಿನ ಕೆಳಗೆ ಇದನ್ನು ಬಳಸಲೇಬಾರದು. ದೂರದಿಂದ ಲಾರಿಯಲ್ಲಿ ಬರುವಾಗ ಮೂಲೆ ಒಡೆಯುವ ನಷ್ಟವನ್ನೂ ಸಾಗಣೆ ದರವನ್ನೂ ಲೆಕ್ಕಕ್ಕೆ ಸೇರಿಸಿ. ಕಾಲಂ ಕಟ್ಟಡಕ್ಕೆ ಎಎಸಿ, ಭಾರ ಹೊರುವ ಗೋಡೆಗೆ ಇಟ್ಟಂಗಿ ಅಥವಾ ಗಟ್ಟಿ ಬ್ಲಾಕ್: ಮೊದಲಿನ ಪ್ರಶ್ನೆಗೆ ನನ್ನ ಉತ್ತರ ಇದು. ಕಾಲಂ ಮನೆಯಲ್ಲಿ ಎಎಸಿ ಕಟ್ಟಿ ತಿಳಿದ ಗೌಂಡಿ ಸಿಗದಿದ್ದರೆ ಇಟ್ಟಂಗಿಯೇ ಇರಲಿ. ಚೆನ್ನಾಗಿ ಕಟ್ಟಿದ ಇಟ್ಟಂಗಿ, ಕೆಟ್ಟದಾಗಿ ಕಟ್ಟಿದ ಎಎಸಿಗಿಂತ ಯಾವಾಗಲೂ ಮೇಲು.

ಬೀದರಿನವರಿಗೆ ಇನ್ನೊಂದು ಆಯ್ಕೆಯಿದೆ, ಜಂಬಿಟ್ಟಿಗೆ ಕಲ್ಲು. ನೆಲದಿಂದ ಕಡಿದಾಗ ಮೃದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಆದ್ದರಿಂದ ಕಡಿದ ಕೂಡಲೇ ಗೋಡೆಗೆ ಏರಿಸದೆ ಹದವಾಗಲು ಬಿಡಬೇಕು. ಮಾನಕ ಕೇಳುವುದು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಬಲ, ಹೀರುವ ನೀರು ಶೇಕಡಾ 12ಕ್ಕಿಂತ ಹೆಚ್ಚಿರಬಾರದು. ಕಲ್ಲಿನಿಂದ ಕಲ್ಲಿಗೆ ಗುಣ ಬದಲಾಗುತ್ತದೆ. ಮಣ್ಣಿನಂತೆ ಉದುರುವ ತೂತುಗಳಿದ್ದವನ್ನು ಬದಿಗಿಡಿ. ಒಂದೇ ಮಹಡಿಯ ಮನೆಗೆ, ಗಿಲಾವಿಲ್ಲದೆ ಸಂದು ತುಂಬಿ ಬಿಟ್ಟ ಜಂಬಿಟ್ಟಿಗೆ ಗೋಡೆಯಷ್ಟು ಚೆಂದದ್ದು ನನ್ನ ಕಣ್ಣಿಗೆ ಬೇರೆ ಕಾಣಲಿಲ್ಲ.

ಶಹಾಬಾದ್, ಚಿತ್ತಾಪುರ ಕಡೆ ಪರಸಿ ಕಲ್ಲಿನ ಗೋಡೆಯೂ ಅಗ್ಗವೇ. ಕಲ್ಲಿನ ಗೋಡೆಗೆ ಒಂದೇ ನಿಯಮ ಹೇಳುತ್ತೇನೆ: ಒಳಮುಖದಿಂದ ಹೊರಮುಖದವರೆಗೆ ಹಾಯುವ ಉದ್ದ ಕಲ್ಲುಗಳನ್ನು ಪ್ರತಿ ಎರಡು ಅಡಿ ಎತ್ತರಕ್ಕೆ ಕೂರಿಸಿ, ಸಿಮೆಂಟ್ ಗಾರೆಯಲ್ಲೇ ಕಟ್ಟಿಸಿ. ಎರಡು ಮುಖ ಕಟ್ಟಿ ನಡುವೆ ಚೂರು ಕಲ್ಲು, ಮಣ್ಣು ತುಂಬಿದ ಗೋಡೆ ನಡುಕ ಬಂದಾಗ ಸೀಳಿಕೊಳ್ಳುತ್ತದೆ. ಕಿಲ್ಲಾರಿಯಲ್ಲಿ ಆದದ್ದು ಅದೇ.

ಮಾಳಿಗೆ

ಶಾಖದ ವಿಷಯದಲ್ಲಿ ಗೋಡೆಗಿಂತ ಮಾಳಿಗೆ ಮುಖ್ಯ, ಏಕೆಂದರೆ ನಡುಹಗಲಿನ ಸೂರ್ಯ ನೇರ ಬೀಳುವುದು ಅಲ್ಲಿ. ಹಳೆಯ ಮಣ್ಣಿನ ಮಾಳಿಗೆ ತಂಪು, ನಿಜ. ಆದರೆ ಒಂದೂವರೆ ಅಡಿ ಮಣ್ಣಿದ್ದರೆ ಚದರ ಮೀಟರಿಗೆ ಏಳುನೂರು ಕಿಲೋ ತಲೆಯ ಮೇಲಿರುತ್ತದೆ. ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಸುಮಾರು 310 ಕಿಲೋ. ಹಳೆಯ ಮನೆ ಉಳಿಸಿಕೊಳ್ಳುವವರು ಪ್ರತಿವರ್ಷ ಹೊಸ ಮಣ್ಣು ಹೇರುವುದನ್ನಾದರೂ ನಿಲ್ಲಿಸಿ, ಹಳೆಯದನ್ನು ಕೆರೆದು ತೆಗೆದು ಹಗುರ ಮಾಡಬೇಕು. ಗರ್ಡರ್ ಮೇಲೆ ಪರಸಿ ಹಾಸಿದ ಮಾಳಿಗೆ ಅಗ್ಗ, ಬೇಗ ಮುಗಿಯುತ್ತದೆ, ದನದ ಕೊಟ್ಟಿಗೆಗೆ, ಕಣಜಕ್ಕೆ ಚೆನ್ನ. ಸಂದುಗಳು ಸೋರುವುದರಿಂದಲೂ, ಬಿಡಿ ಕಲ್ಲುಗಳು ಜಾರಬಹುದಾದ್ದರಿಂದಲೂ ಮಲಗುವ ಮನೆಗೆ ಹೇಳಲಾರೆ. ತಗಡು ಬಿಸಿಲಿಗೆ ಒಲೆಯಾಗುತ್ತದೆ.

ಉಳಿಯುವುದು ಕಾಂಕ್ರೀಟ್ ಸ್ಲ್ಯಾಬ್. ಅದು ಬಲವಾದದ್ದು, ಗೋಡೆಗಳನ್ನೆಲ್ಲ ಮೇಲಿನಿಂದ ಕಟ್ಟಿ ಹಿಡಿಯುತ್ತದೆ. ಶಾಖವನ್ನು ಮಾತ್ರ ತಡೆಯುವುದಿಲ್ಲ. ಅದರ ಮೇಲೆ ಬಿಳಿ ಟೈಲ್ಸ್ ಚೂರು ಹಾಸುವುದು, ಅದೂ ಆಗದಿದ್ದರೆ ಪ್ರತಿ ಬೇಸಿಗೆಗೆ ಮೊದಲು ಬಿಳಿ ಸುಣ್ಣ ಬಳಿಯುವುದು ಗೋಡೆಗೆ ಮಾಡುವ ಎಷ್ಟೋ ಖರ್ಚಿಗಿಂತ ಹೆಚ್ಚು ತಂಪು ಕೊಡುತ್ತದೆ. ನೀರು ನಿಲ್ಲದಂತೆ ಇಳಿಜಾರನ್ನು ಆಗಲೇ ಕೊಡಿಸಿ.

ಸಿಮೆಂಟ್, ನೆಲಹಾಸು

ಮನೆಯ ಕೆಲಸಕ್ಕೆ ಹಾರುಬೂದಿ ಬೆರೆತ ಪಿಪಿಸಿ ಸಾಕು. ಅದು ಗಟ್ಟಿಯಾಗುವಾಗ ಕಡಿಮೆ ಬಿಸಿಯಾಗುತ್ತದೆ, ಬಲ ಮಾತ್ರ ನಿಧಾನವಾಗಿ ಬರುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಬೂದಿ ಬೆರೆಯದ ಸಾದಾ ಸಿಮೆಂಟಾದ ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10 ದಿನ ಕ್ಯೂರಿಂಗ್, ಅಂದರೆ ನೀರು ಕುಡಿಸುವುದು. ಒಣ ಬಿಸಿಲಿನ ಹವೆಯಲ್ಲಿ 10 ಮತ್ತು 14 ದಿನ. ನಮ್ಮದು ಆ ಎರಡನೆಯ ಹವೆ. ಕಾಂಕ್ರೀಟ್ ಕಲಸುವಾಗ ಐವತ್ತು ಕಿಲೋ ಚೀಲಕ್ಕೆ ಇಪ್ಪತ್ತೈದು ಲೀಟರಿನ ಆಸುಪಾಸು ನೀರು. ಸುರಿಯಲು ಸುಲಭವಾಗಲೆಂದು ಇನ್ನೆರಡು ಬಕೆಟ್ ಹಾಕಿದರೆ ಬಲ ಕುಸಿಯುತ್ತದೆ. ನೆಲಕ್ಕೆ ಶಹಾಬಾದ್ ಪರಸಿಯನ್ನು ಬಿಟ್ಟು ಬೇರೆ ಹುಡುಕುವ ಅಗತ್ಯ ನನಗೆ ಕಾಣದು. ಸುಣ್ಣದ ಕಲ್ಲಾದ್ದರಿಂದ ಅದಕ್ಕೆ ಆಸಿಡ್ ತಾಗಿಸಬಾರದು, ಅಷ್ಟೆ.

ಯಾವಾಗ ಆರಂಭಿಸುವುದು?

ಬೇಸಿಗೆಯಲ್ಲಿ ಆರಂಭಿಸಿದರೆ ಕೂಲಿಯವರು ಸುಲಭವಾಗಿ ಸಿಗಬಹುದು, ಮಳೆಯ ಕಾಟವಿರುವುದಿಲ್ಲ. ಆದರೆ ಎರೆ ಪೂರ್ತಿ ಕುಗ್ಗಿ ಬಿರಿದಿರುವ ಹೊತ್ತು ಅದು. ಆಗ ಕೂರಿಸಿದ ಪಾಯ ಮೊದಲ ಮಳೆಗೇ ದೊಡ್ಡ ಉಬ್ಬುವಿಕೆಯನ್ನು ಎದುರಿಸಬೇಕಾಗುತ್ತದೆ. ಕ್ಯೂರಿಂಗಿಗೆ ಬೋರ್‌ವೆಲ್ಲಿನಲ್ಲಿ ನೀರೂ ಇರುವುದಿಲ್ಲ. ದೀಪಾವಳಿ ಕಳೆದು ಹಿಂಗಾರು ಮಳೆ ನಿಂತ ಮೇಲೆ ಪಾಯ ತೆಗೆದರೆ ಮಣ್ಣು ಅತಿ ಹಸಿಯೂ ಅಲ್ಲ, ಅತಿ ಒಣವೂ ಅಲ್ಲ. ನೀರು ಸಿಗುತ್ತದೆ, ಬಿಸಿಲು ಕಡಿಮೆ. ನವೆಂಬರಿನಿಂದ ಫೆಬ್ರವರಿಯೊಳಗೆ ಪಾಯ, ಗೋಡೆ, ಸ್ಲ್ಯಾಬ್ ಮೂರೂ ಮುಗಿಯುವಂತೆ ಗುತ್ತಿಗೆದಾರರ ಜೊತೆ ಕಾಗದದ ಮೇಲೆ ಮಾತು ಮಾಡಿಕೊಳ್ಳಿ. ತೋಡಿದ ಪಾಯವನ್ನು ಒಂದೆರಡು ದಿನಕ್ಕಿಂತ ಹೆಚ್ಚು ಬಿಸಿಲಿಗೆ ತೆರೆದಿಡಬಾರದು. ಅಷ್ಟರೊಳಗೆ ತಳಕ್ಕೆ ಕಾಂಕ್ರೀಟ್ ಹಾಸು ಬೀಳಬೇಕು. ಗಿಲಾವು, ನೆಲಹಾಸು, ಬಾಗಿಲ ಕೆಲಸಗಳು ಒಳಗಿನವು, ಅವು ಬೇಸಿಗೆಗೆ ಉಳಿದರೂ ನಡೆಯುತ್ತದೆ.